ಎಲೆಬಳ್ಳಿಯ ಲೆಟರ್ ಬಾಕ್ಸ್: ಕಪನೂರಿನಲ್ಲಿ ಮಾಡಿಸಿದ್ದು ಹೇಗಿದೆ?

ಮೊದಲು ರೇಟ್ ಹೇಳಿಬಿಡುತ್ತೇನೆ, ಎಲ್ಲರೂ ಅದನ್ನೇ ಕೇಳುತ್ತಾರೆ. 1,900 ರೂಪಾಯಿ. ಗೇಟಿನ ಕಂಬಕ್ಕೆ ಹಚ್ಚಿದ ಕೂಲಿ ಬೇರೆ. ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾ ಕಡೆ ಗೇಟು, ಗ್ರಿಲ್ಲು ಮಾಡುವ ಒಂದು ಸಣ್ಣ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸಿದ್ದು. 18 ಗೇಜ್ ಜಿಐ ಶೀಟು (ಸತು ಲೇಪಿಸಿದ ಉಕ್ಕಿನ ತಗಡು), ಮೇಲೆ ಕಡು ಹಸಿರು ಪೌಡರ್ ಕೋಟಿಂಗ್. ಮುಂದಿನ ಬಾಗಿಲಿನಲ್ಲಿ ಲೇಸರ್‌ನಿಂದ ಕತ್ತರಿಸಿದ ಎಲೆಬಳ್ಳಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಯಾಕೆ ಹೋಯಿತು ಅಂತ ಕೊನೆಗೆ ಹೇಳುತ್ತೇನೆ.

ವಾಟ್ಸಾಪ್ ಕಾಲದಲ್ಲಿ ಪೋಸ್ಟ್ ಡಬ್ಬಿ ಯಾಕೆ ಅಂತ ಕೇಳಬೇಡಿ. ನಮ್ಮ ಮನೆಗೆ ಪತ್ರಿಕೆಗಳು ಇನ್ನೂ ಟಪಾಲಿನಲ್ಲೇ ಬರುತ್ತವೆ. ಎಲ್‌ಐಸಿ ನೋಟಿಸ್, ಮದುವೆ ಕಾರ್ಡು, ಜೆಸ್ಕಾಂ ಕರೆಂಟ್ ಬಿಲ್ಲು ಇದ್ದೇ ಇವೆ. ಸಹಿ ಹಾಕಿಸಿಕೊಂಡು ಕೊಡುವ ಸ್ಪೀಡ್ ಪೋಸ್ಟ್ ಹೇಗೂ ಕೈಗೇ ಬರುತ್ತದೆ. ರಿಜಿಸ್ಟರ್ ಟಪಾಲು ಕೂಡ 2025ರಲ್ಲಿ ಅದರೊಳಗೇ ಸೇರಿಹೋಯಿತು. ಡಬ್ಬಿ ಬೇಕಾಗಿರುವುದು ಉಳಿದ ಕಾಗದಕ್ಕೆ. ನಾವು ಗಂಡ ಹೆಂಡತಿ ಇಬ್ಬರೂ ಶಾಲೆಗೆ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಅದೆಲ್ಲ ಗೇಟಿನೊಳಗೆ, ನೀರು ಹೊಡೆದ ಅಂಗಳದಲ್ಲಿ ಬಿದ್ದಿರುತ್ತಿತ್ತು.

ನಮ್ಮವರಿಗೆ ಬಿದ್ರಿ ಕೆಲಸದ ಡಬ್ಬಿಯೇ ಬೇಕಿತ್ತು. 2023ರಲ್ಲಿ ಬೀದರ್‌ನ ಬಿದ್ರಿ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗಿನಿಂದ ನಮ್ಮವರಿಗೆ ಬಿದ್ರಿ ಹುಚ್ಚು ಜಾಸ್ತಿ. ಬೀದರ್‌ಗೆ ಹೋದಾಗ ಚೌಬಾರಾ ಹತ್ತಿರದ ಒಂದು ಅಂಗಡಿಯಲ್ಲಿ ಕೇಳಿಯೂ ಕೇಳಿದರು. ಅಂಗಡಿಯವರು ನಕ್ಕುಬಿಟ್ಟರು. "ಸರ್, ಇದು ಮನಿ ಒಳಗ ಇಡೋ ಸಾಮಾನ್ರಿ. ಬಿಸಲಿಗಿ, ಮಳಿಗಿ ಹಚ್ಚಬ್ಯಾಡ್ರಿ." ಮಾರುವವರೇ ಬೇಡ ಅಂದದ್ದು ನನಗೆ ಹಿಡಿಸಿತು. ಬಿದ್ರಿ ಅಂದರೆ ಬಹುಪಾಲು ಸತು, ಸ್ವಲ್ಪ ತಾಮ್ರ. ಅದರಲ್ಲಿ ಗೆರೆ ಕೊರೆದು ಬೆಳ್ಳಿ ಕೂರಿಸುತ್ತಾರೆ. ಆಮೇಲೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಆ ನೀರಿನಲ್ಲಿ ಅದ್ದುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಮೇಲ್ಮೈಯಲ್ಲಷ್ಟೇ ಇರುವಂಥದ್ದು. ಗೇಟಿಗೆ ಹಚ್ಚಿ ದಿನಾ ಕೊಬ್ಬರಿ ಎಣ್ಣೆ ಒರೆಸುತ್ತಾ ಕೂರುವವರು ಯಾರು? ಬೆಳ್ಳಿಯನ್ನು ಕಾಯುವವರು ಯಾರು? ಒಂದು ಸಣ್ಣ ಹೂದಾನಿ ತಂದು ಶೋಕೇಸಿನಲ್ಲಿ ಇಟ್ಟೆವು. ಅದರ ಮೇಲಿದ್ದ ಬಳ್ಳಿಯನ್ನು ನಾನು ಕಾಗದದ ಮೇಲೆ ಬರೆದುಕೊಂಡೆ. ಫ್ಯಾಬ್ರಿಕೇಶನ್ ಹುಡುಗ ಅದನ್ನೇ ಕಂಪ್ಯೂಟರಿಗೆ ಹಾಕಿ ಕತ್ತರಿಸಿದ. ಜಿಐ ಶೀಟಿಗೂ ಸತುವಿನದೇ ಲೇಪ ಅಲ್ವಾ, ಹಾಗಾಗಿ ನಮ್ಮವರಿಗೂ ಸಮಾಧಾನ.

ಆನ್‌ಲೈನ್‌ನಲ್ಲಿ ಹುಡುಕಲಿಲ್ಲ ಅಂತಲ್ಲ. ಗುಬ್ಬಿಮನೆ ಆಕಾರದ್ದು, ವಿಲಾಯತಿ ಕೆಂಪು ಡಬ್ಬಿ, ಮರದಂತೆ ಕಾಣುವ ಎಂಡಿಎಫ್‌ನದ್ದು (ಮರದ ನಾರು ಒತ್ತಿ ಮಾಡಿದ ಹಲಗೆ), ಎಲ್ಲಾ ಇವೆ. ಎಂಡಿಎಫ್ ನೀರು ಕುಡಿದರೆ ಉಬ್ಬುತ್ತದೆ, ಅದನ್ನು ನೋಡಲೇ ಬೇಡಿ. ಉಳಿದವುಗಳಲ್ಲಿ ಡಬ್ಬಿಯ ಹೊರಗಿನ ಅಳತೆ ಕೊಡುತ್ತಾರೆ, ಬಾಯಿಯ ಅಳತೆ ಹೆಚ್ಚಿನವರು ಕೊಡುವುದೇ ಇಲ್ಲ. ನಮಗೆ ಬೇಕಾಗಿದ್ದೇ ಅದು. ಬ್ಯಾಂಕು, ಎಲ್‌ಐಸಿಯ ಉದ್ದ ಲಕೋಟೆ 22 ಸೆಂಟಿಮೀಟರ್. ಪತ್ರಿಕೆಯನ್ನು ಅರ್ಧಕ್ಕೆ ಮಡಚಿದರೂ ಹೆಚ್ಚುಕಡಿಮೆ 21 ಬರುತ್ತದೆ, ಜೊತೆಗೆ ದಪ್ಪ. ಎಷ್ಟೋ ಚೆಂದದ ಡಬ್ಬಿಗಳ ಬಾಯಿಯಲ್ಲಿ 14 ಸೆಂಟಿಮೀಟರಿನ ಪೋಸ್ಟ್ ಕಾರ್ಡು ಬಿಟ್ಟರೆ ಬೇರೇನೂ ಹೋಗುವಂತಿರಲಿಲ್ಲ. ಕಾರ್ಡು ಬರೆಯುವವರು ಈಗ ಎಲ್ಲಿದ್ದಾರೆ?

ನಮ್ಮ ಓಣಿಯ ಪೋಸ್ಟ್‌ಮ್ಯಾನ್ ಅಣ್ಣನನ್ನೇ ಕೇಳಿದೆ. "ಅಕ್ಕೋರೆ, ಬಾಯಿ ದೊಡ್ಡದ್ ಮಾಡಸ್ರಿ. ಸೈಕಲ್ ಮ್ಯಾಲಿಂದ ಇಳೀದೇ ಹಾಕೋ ಎತ್ತರಕ್ ಹಚ್ಚಸ್ರಿ. ಡಿಸೈನ್ ನಿಮಗ್ ಬಿಟ್ಟದ್ದು" ಅಂದರು. ಅವರು ಹೇಳಿದ ಹಾಗೆ ಬಾಯಿ 26 ಸೆಂಟಿಮೀಟರ್ ಅಗಲ, 4 ಸೆಂಟಿಮೀಟರ್ ಎತ್ತರ ಇಡಿಸಿದೆ. ಬಾಯಿಗೆ ಸ್ಪ್ರಿಂಗ್ ಮುಚ್ಚಳ ಇದೆ. ಇಲ್ಲದಿದ್ದರೆ ಕಣಜದ ಹುಳ ಬಂದು ಗೂಡು ಕಟ್ಟುತ್ತದೆ, ಹಲ್ಲಿಯೂ ಸೇರಿಕೊಳ್ಳುತ್ತದೆ. ಮೇಲ್ಭಾಗ ಮುಂದಕ್ಕೆ ಇಳಿಜಾರು, ಅಂಚು ಬಾಯಿಗಿಂತ ಎರಡು ಬೆರಳು ಹೊರಗೆ. ತಳದಲ್ಲಿ ನೀರು ಇಳಿಯಲು ತೂತು. ಇಷ್ಟಿದ್ದರೆ ಮಳೆಗಾಲದ ಚಿಂತೆ ಮುಗಿಯಿತು.

ಪೌಡರ್ ಕೋಟಿಂಗ್ ವಿಷಯದಲ್ಲಿ ಮಾತ್ರ ಅಂಗಡಿಯವರ ಹತ್ತಿರ ಗಟ್ಟಿಯಾಗಿ ಮಾತಾಡಿ. ಬಣ್ಣದ ಪುಡಿಗೆ ಕರೆಂಟ್ ಚಾರ್ಜ್ ಕೊಟ್ಟು ಶೀಟಿಗೆ ಹಿಡಿಸಿ, ಸುಮಾರು 180ರಿಂದ 200 ಡಿಗ್ರಿ ಬಿಸಿಯ ಭಟ್ಟಿಯಲ್ಲಿ ಬೇಯಿಸುತ್ತಾರೆ. ಬ್ರಷ್‌ನಲ್ಲಿ ಬಳಿದ ಪೇಂಟಿಗಿಂತ ಇದು ಎಷ್ಟೋ ಗಟ್ಟಿ. ಆದರೆ ಲೇಸರ್ ಕತ್ತರಿಸಿದ ಅಂಚಿನಲ್ಲಿ ಸತುವಿನ ಲೇಪ ಇರುವುದಿಲ್ಲ, ತುಕ್ಕು ಅಲ್ಲಿಂದಲೇ ಶುರು. ಹಾಗಾಗಿ ಡಿಸೈನ್, ಬೀಗದ ತೂತು, ಗೋಡೆಗೆ ಹಚ್ಚುವ ತೂತು ಎಲ್ಲಾ ಮೊದಲೇ ಆಗಬೇಕು, ಕೋಟಿಂಗ್ ಕೊನೆಗೆ. ನಮ್ಮದರಲ್ಲಿ ಹಾಗೇ ಮಾಡಿದ್ದಾರೆ. ಎಲೆಯ ತುದಿ ತುದಿಗೂ ಬಣ್ಣ ಹಿಡಿದಿದೆ. ಮೆಚ್ಚಿದೆ.

ನಮ್ಮ ಕಂಬಕ್ಕೆ ಶಹಾಬಾದ್ ಕಲ್ಲು. ಅದು ಪದರು ಪದರಾಗಿರುವ ಕಲ್ಲು. ಡ್ರಿಲ್ಲನ್ನು ಜೋರಾಗಿ ಕುಟ್ಟಿದರೆ ಚಕ್ಕೆ ಏಳುತ್ತದೆ. ಹಚ್ಚಲು ಬಂದವನು ಜಾಣ, ಕಲ್ಲುಗಳ ನಡುವಿನ ಸಿಮೆಂಟ್ ಗೆರೆಯಲ್ಲೇ ತೂತು ಹಾಕಿದ. ಕಂಬದ ಬಡಗಣ ಮಗ್ಗುಲಿಗೆ ಹಚ್ಚಿಸಿದ್ದೇವೆ, ಅಲ್ಲಿ ನೆರಳು ಜಾಸ್ತಿ. ಮೇ ತಿಂಗಳಲ್ಲಿ ನಮ್ಮಲ್ಲಿ 43 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲಿಗೆ ಬಿದ್ದ ತಗಡಿನ ಡಬ್ಬಿ ಹಂಚಿನ ಹಾಗೆ ಕಾಯುತ್ತದೆ. ಕರೆಂಟ್ ಬಿಲ್ಲು ಥರ್ಮಲ್ ಕಾಗದದ್ದು. ಬಿಸಿ ತಾಗಿದಲ್ಲಿ ಕಪ್ಪಾಗುವುದೇ ಆ ಕಾಗದದ ಗುಣ.

ಈಗ ದೂರು. ಎಲೆಬಳ್ಳಿಯ ಸಂದಿಯಿಂದ ಒಳಗೆ ಕಾಗದ ಇದೆಯೋ ಇಲ್ಲವೋ ಕಾಣಲಿ, ಮಳೆ ಒಳಗೆ ಬರದಿರಲಿ ಅಂತ ಬಾಗಿಲಿನ ಹಿಂದೆ ಅಕ್ರಿಲಿಕ್ ಶೀಟು ಹಾಕಿಸಿದ್ದೆ. ಅದಕ್ಕೆ ಸುಮ್ನೆ ಗಮ್ ಹಚ್ಚಿ ಕೊಟ್ಟಿದ್ದರು. ಮೊದಲ ಬೇಸಿಗೆಗೇ ಬಿಟ್ಟುಕೊಂಡಿತು. ಫೋನ್ ಮಾಡಿದರೆ "ನಾಳಿ ಕಳಸ್ತೀನ್ರಿ ಹುಡುಗನ್ನ" ಅನ್ನುವುದು, ಆ ನಾಳೆ ಬರುವುದೇ ಇಲ್ಲ. ಕೊನೆಗೆ ಹುಡುಗ ಬಂದು ನಾಲ್ಕು ಮೂಲೆಗೆ ಸಣ್ಣ ನಟ್ಟು ಬೋಲ್ಟು ಹಾಕಿದ, ಈಗ ಅಲ್ಲಾಡುವುದಿಲ್ಲ. ದುಡ್ಡು ಕೇಳಲಿಲ್ಲ. ಆದರೂ ಅದು ಮೊದಲೇ ಆಗಬೇಕಿದ್ದ ಕೆಲಸ ಅಲ್ವಾ? ಹೋದ ಒಂದು ಅಂಕ ಅದಕ್ಕೇ. ಬೀಗ ಟೇಬಲ್ ಡ್ರಾಯರಿನದು, ಸಾಧಾರಣ. ಮಳೆಗಾಲಕ್ಕೆ ಮುಂಚೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡುತ್ತೇನೆ.

ಮಾಡಿಸುವವರು ನಿಮ್ಮ ಮನೆಗೆ ಬರುವ ಅತಿ ದೊಡ್ಡ ಲಕೋಟೆಯನ್ನು ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋಗಿ. ಅಡ್ವಾನ್ಸ್ ಅರ್ಧಕ್ಕಿಂತ ಜಾಸ್ತಿ ಕೊಡಬೇಡಿ. ಕೋಟಿಂಗ್‌ಗೆ ಕಳಿಸುವ ಮುಂಚೆ ಒಂದು ಸಲ ಹೋಗಿ ಆ ಲಕೋಟೆ ಹಾಕಿ ನೋಡಿ ಬನ್ನಿ.