ಎಂಟು ಸ್ವರ್ಣಧಾರ ಕೋಳಿ, ಒಂದು ಮನೆ ಸಾಲ: ಕೋಲಾರದ ಹಿತ್ತಲಿನಿಂದ ಒಂದು ವಿಮರ್ಶೆ

ಮೊದಲೇ ಹೇಳಿಬಿಡ್ತೀನಿ, ಕೋಳಿ ಸಾಕಿ ಮನೆ ಸಾಲ ತೀರಿಸಿದೆವು ಅಂತ ನಮ್ಮ ನೆಂಟರು ಊರೆಲ್ಲ ಹೇಳಿಕೊಂಡು ತಿರುಗ್ತಿದ್ದಾರಲ್ಲ, ಅದು ಅರ್ಧ ಸುಳ್ಳು. ಉಳಿದರ್ಧ ನಿಜ ಹೇಗೆ ಅನ್ನೋದಕ್ಕೇ ಈ ವಿಮರ್ಶೆ. ಕೋಳಿ ತಗೋಬೇಕು ಅಂತಿರೋರು ಓದಿ.

2016ರಲ್ಲಿ ಮನೆ ಕಟ್ಟೋಕೆ ಹನ್ನೆರಡು ಲಕ್ಷ ಸಾಲ, ಹದಿನೈದು ವರ್ಷ, ತಿಂಗಳಿಗೆ ಹತ್ತಿರತ್ತಿರ 12,400 ಕಂತು. ನಮ್ಮನೆಯವರು ನರಸಾಪುರದ ಕಾರ್ಖಾನೆಗೆ ಹೋಗ್ತಾರೆ, ನಾನು ಮನೆಯಲ್ಲೇ ಬ್ಲೌಸ್ ಹೊಲೀತೀನಿ. 2018ರ ಡಿಸೆಂಬರ್‌ನಲ್ಲಿ ಹದಿನೈದು ಸ್ವರ್ಣಧಾರ ಮರಿ ತಂದ್ವಿ. ಗಿರಿರಾಜ ತಳಿ ಬಂದ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದಲೇ ಬಂದ ತಳಿ ಇದು. ಗಿರಿರಾಜಕ್ಕಿಂತ ಮೊಟ್ಟೆ ಜಾಸ್ತಿ, ಮೈ ಸ್ವಲ್ಪ ಕಮ್ಮಿ. ನಮಗೆ ಬೇಕಿದ್ದದ್ದು ಮೊಟ್ಟೆ.

ತಪ್ಪು ಮಾಡಿದ್ದು ಅಲ್ಲೇ. ಕೋಲಾರದ ಡಿಸೆಂಬರ್ ಚಳಿಗೆ ಯಾರಾದ್ರೂ ಒಂದು ದಿನದ ಮರಿ ತರ್ತಾರಾ? ಭತ್ತದ ಹೊಟ್ಟು ಹರಡಿ, ಪೇಪರ್ ಹಾಸಿ, ಮಂಕರಿ ಒಳಗೆ ಅರವತ್ತರ ಬಲ್ಬು ಇಳಿಬಿಟ್ಟಿದ್ದೆ. ಮೂರನೇ ರಾತ್ರಿ ಕರೆಂಟ್ ಹೋಯ್ತು. ಬೆಳಿಗ್ಗೆ ನೋಡಿದ್ರೆ ಒಂದರ ಮೇಲೊಂದು ಬಿದ್ದು ನಾಲ್ಕು ಸತ್ತಿದ್ವು. ಅತ್ತೆ ಮುಳಬಾಗಿಲ ಕಡೆಯವರು, ಕೋಳಿ ಜೊತೆಗೇ ಬೆಳೆದೋರು. "ಯಾಕಮ್ಮಾ, ನನ್ನ ಎಬ್ಬಿಸಬಾರದಿತ್ತಾ, ಬಿಸಿನೀರು ಬಾಟಲಿಗೆ ಬಟ್ಟೆ ಸುತ್ತಿ ಇಟ್ಟಿದ್ರೆ ಆಗ್ತಿತ್ತಲ್ಲ" ಅಂದ್ರು. ಈಗ ಫೆಬ್ರವರಿ ಕೊನೆಗೇ ತರೋದು. ಕಾಸು ಜಾಸ್ತಿ ಆದ್ರೂ ತಿಂಗಳ ಮರಿ.

ಉಳಿದ ಹನ್ನೊಂದರಲ್ಲಿ ಮೂರು ಹುಂಜ, ಸಂಕ್ರಾಂತಿ ಆಗಿ ಆರು ತಿಂಗಳಿಗೆ ಸಾರಾದವು. ಹುಂಜ ಇಲ್ಲದೇನೂ ಹೇಟೆ ಮೊಟ್ಟೆ ಇಡುತ್ತೆ, ಪಕ್ಕದ ಮನೆಯೋರಿಗೆ ಇದನ್ನ ನಂಬಿಸೋಕೆ ನನಗೆ ಒಂದು ವರ್ಷ ಹಿಡೀತು. ಕೊಕ್ಕರೆ ರೋಗದ (ರಾಣಿಖೇತ್ ಅಂತಾರಲ್ಲ, ಅದು) ಲಸಿಕೆ ಮಾತ್ರ ತಪ್ಪಿಸಬೇಡಿ. ಮೊದಲ ವಾರ ಕಣ್ಣಿಗೆ ಹನಿ, ಎರಡು ತಿಂಗಳಿಗೆ ಸೂಜಿ. ಲಸಿಕೆ ಹಾಕಿಸದ ನಮ್ಮ ಬೀದಿ ಮನೆಯೊಂದರಲ್ಲಿ ಒಂದೇ ವಾರಕ್ಕೆ ಗೂಡು ಖಾಲಿ.

ಮೊಟ್ಟೆ ಶುರುವಾಗಿದ್ದು ಆರನೇ ತಿಂಗಳಿಗೆ. ಇಟ್ಟ ದಿನ ಕ್ಯಾಲೆಂಡರ್ ಮೇಲೆ ಗೀಟು ಹಾಕ್ತಿದ್ದೆ. ಮೊದಲ ವರ್ಷ ಎಂಟು ಕೋಳಿಗೆ 1,312, ತಲಾ 164. ಮಾರೋರು ಹೇಳೋದು ಇನ್ನೂ ಜಾಸ್ತಿ. ಹಗಲು ಚಿಕ್ಕದಾಗೋ ಚಳಿಗಾಲದಲ್ಲಿ, ಗರಿ ಉದುರಿಸೋ ಕಾಲದಲ್ಲಿ ವಾರಗಟ್ಟಲೆ ಖಾಲಿ ಗೂಡು ನೋಡಬೇಕಾಗುತ್ತೆ, ಅದನ್ನ ಯಾರೂ ಹೇಳಲ್ಲ. ಈ ತಳಿ ಕಾವಿಗೂ ಕೂರಲ್ಲ, ಹಾಗಾಗಿ ಮರಿ ಬೇಕಂದ್ರೆ ಮತ್ತೆ ದುಡ್ಡು ಕೊಟ್ಟೇ ತರಬೇಕು.

ಈಗ ಲೆಕ್ಕ. ಬೆಳೆದ ಕೋಳಿ ದಿನಕ್ಕೆ 120 ಗ್ರಾಂ ತಿನ್ನುತ್ತೆ, ಎಂಟಕ್ಕೆ ಒಂದು ಕೆ.ಜಿ. ಹತ್ತಿರ. ಎಲ್ಲಾ ಅಂಗಡಿ ಫೀಡೇ ಹಾಕಿದ್ರೆ ಮೊಟ್ಟೆ ಕೊಂಡು ತಿನ್ನೋದೇ ಅಗ್ಗ. ನಾನು ಅರ್ಧ ಫೀಡು, ಅರ್ಧ ತೌಡು, ರಾಗಿ ನುಚ್ಚು, ಮುದ್ದೆ ತಳ, ಕೋಸಿನ ಮೇಲೆಲೆ. ಟೊಮೆಟೊ ಬೆಲೆ ಬಿದ್ದ ದಿನ ಮಂಡಿ ರಸ್ತೆ ಬದಿ ಸುರಿದು ಹೋಗ್ತಾರಲ್ಲ, ನಮ್ಮ ಕೋಳಿಗೆ ಅವತ್ತು ಹಬ್ಬ. (ರೈತರಿಗಲ್ಲ, ಗೊತ್ತು.) ಮೊಟ್ಟೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ವಾಪಸ್ ಅವಕ್ಕೇ, ಇಲ್ಲಾಂದ್ರೆ ತೊಗಲು ಮೊಟ್ಟೆ ಇಡ್ತವೆ. ಫೀಡಿಗೆ ವರ್ಷಕ್ಕೆ 4,900. ಅರ್ಧ ಮೊಟ್ಟೆ ಬ್ಲೌಸ್ ಗಿರಾಕಿಗಳಿಗೇ ಹತ್ತು ರೂಪಾಯಿ ಹಂಗೆ ಮಾರಿ 6,500. ಮಿಕ್ಕಿದ್ದು ಮನೆಗೆ. ಎಲ್ಲಾ ಸೇರಿಸಿ ವರ್ಷಕ್ಕೆ ಐದು ಸಾವಿರ ಲಾಭ ಅಂತ ಇಟ್ಕೊಳ್ಳಿ. ನಮ್ಮನೆಯವರು ಪುಸ್ತಕ ನೋಡಿ, "ಹಿಂಗೆ ತೀರಿಸಿದ್ರೆ ಇನ್ನೂರು ವರ್ಷಕ್ಕೆ ಮನೆ ಪತ್ರ ಕೈಗೆ ಬರುತ್ತೆ" ಅಂತ ನಕ್ಕರು.

ಆದ್ರೆ ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಇನ್ನೊಂದು ಲೆಕ್ಕ ಇತ್ತು. 2018ರಲ್ಲಿ ತಿಂಗಳಿಗೆ 6,200 ಹೊರಗಿನ ಊಟಕ್ಕೇ ಹೋಗಿತ್ತು. ಭಾನುವಾರದ ಬಿರಿಯಾನಿ ಪಾರ್ಸಲ್, ಸಂಜೆ ಬೇಕರಿ ಪಪ್ಸು, ಅವರ ಶಿಫ್ಟ್ ಮುಗಿದು ರಾತ್ರಿ ಬಂದಾಗ "ಏನೂ ಇಲ್ಲ, ತರಿಸೋಣ". ಕೋಳಿ ಬಂದ ಮೇಲೆ "ಏನೂ ಇಲ್ಲ" ಅನ್ನೋ ಮಾತೇ ಹೊರಟುಹೋಯ್ತು. ರಾತ್ರಿ ಒಂಬತ್ತಕ್ಕೆ ಬಂದ್ರೂ ಕುದಿಯೋ ಸಾರಿಗೆ ನಾಲ್ಕು ಮೊಟ್ಟೆ ಒಡೆದು ಬಿಟ್ಟು, ಸೌಟು ಆಡಿಸದೆ ಮುಚ್ಚಿಟ್ರೆ ಹತ್ತು ನಿಮಿಷಕ್ಕೆ ಮೊಟ್ಟೆ ಸಾರು. ಬೆಳಿಗ್ಗೆ ಕೋಳಿಗೆ ಅಂತ ಕಿತ್ತು ತಂದ ಬೆರಕೆ ಸೊಪ್ಪಲ್ಲಿ ಎಳೇದು ಮನುಷ್ಯರಿಗೆ, ಬಲಿತದ್ದು ಕೋಳಿಗೆ. ಸೊಪ್ಪು ಕಾಳು ಬೇಯಿಸಿ ಬಸಿದ ನೀರು ಬಸ್ಸಾರು, ಮಿಕ್ಕಿದ್ದು ಪಲ್ಯ, ಒಂದೇ ಪಾತ್ರೆಗೆ ಎರಡು ಅಡುಗೆ. ಸುಗ್ಗಿಗೆ ಊರಿಂದ ರಾಗಿ ಮೂಟೆ. ಅವರೆಕಾಯಿ ಕಾಲದಲ್ಲಂತೂ ಸಂತೆಗೂ ಹೋಗ್ತಿರಲಿಲ್ಲ. ಹೊರಗಿನ ಊಟ 1,500ಕ್ಕೆ ಇಳೀತು. ಉಳಿದದ್ದು ವರ್ಷಕ್ಕೆ 56,400, ಬೋನಸ್ ಸೇರಿಸಿ ಪ್ರತಿ ಮಾರ್ಚ್‌ಗೆ ಎಪ್ಪತ್ತು ಸಾವಿರ ನೇರ ಅಸಲಿಗೆ.

ಬ್ಯಾಂಕಿನ ಸೇವೆ ಬಗ್ಗೆಯೂ ಒಂದು ಮಾತು, ಹೆಸರು ಬೇಡ. ಮೊದಲ ಸಲ ದುಡ್ಡು ಕಟ್ಟಿ ಬಂದಾಗ ಅವರು ಕಂತು ಕಮ್ಮಿ ಮಾಡಿಬಿಟ್ಟಿದ್ರು, ಅವಧಿ ಹಾಗೇ! ಖುಷಿಪಟ್ಟಿದ್ದೆ, ಅತ್ತೆ ತಂಗಿ ಮಗ ನೋಡಿ ಬೈದ. ಕಂತು ಇಳಿಸಬೇಡಿ, ತಿಂಗಳುಗಳನ್ನ ಇಳಿಸಿ ಅಂತ ಬರೆದು ಕೊಡಬೇಕು, ಸೀಲು ಹಾಕಿಸ್ಕೊಬೇಕು. ಇನ್ನೊಬ್ಬರು ಮುಂಚೆ ಕಟ್ಟಿದ್ರೆ ಚಾರ್ಜ್ ಇದೆ ಅಂದ್ರು. ಬದಲಾಗೋ ಬಡ್ಡಿಯ ಮನೆ ಸಾಲಕ್ಕೆ ಆ ಚಾರ್ಜನ್ನ ರಿಸರ್ವ್ ಬ್ಯಾಂಕ್ 2012ರಲ್ಲೇ ತೆಗೆದುಹಾಕಿದೆ ಅಂದ ಮೇಲೆ ಸುಮ್ಮನಾದ್ರು.

2025ರ ಆಗಸ್ಟ್‌ನಲ್ಲಿ ಸಾಲ ಮುಗೀತು, ಆರು ವರ್ಷ ಮುಂಚೆ. ನಾವು ಹೆಚ್ಚಾಗಿ ಕಟ್ಟಿದ್ದು ಕಳೆದು ನಾಲ್ಕು ಲಕ್ಷದಷ್ಟು ಬಡ್ಡಿ ಉಳೀತು. ಪತ್ರಗಳನ್ನ ಮೂವತ್ತು ದಿನದೊಳಗೆ ಕೊಡಬೇಕು, ತಡವಾದ್ರೆ ದಿನಕ್ಕೆ ಐದು ಸಾವಿರ ಅಂತ ನಿಯಮ ಇದೆ. ನಮಗೆ ಇಪ್ಪತ್ತಾರನೇ ದಿನ ಬಂತು. ಋಣಭಾರ ಪತ್ರ (ಇ.ಸಿ.) ತೆಗೆಸಿ, ಸಾಲದ ನಮೂದು ಹೋಗಿದೆಯಾ ಅಂತ ನೋಡೋದನ್ನ ಮರೀಬೇಡಿ.

ಕೋಳಿಗೆ ನನ್ನ ಅಂಕ ಐದಕ್ಕೆ ಮೂರೂವರೆ. ಅರ್ಧ ಕಳೆದದ್ದು ವಾಸನೆಗೆ, ಮಳೆಗಾಲದಲ್ಲಿ ನೊಣ ಸಹಿಸೋಕಾಗಲ್ಲ. ಒಂದು ಕಳೆದದ್ದು ಎರಡನೇ ವರ್ಷ ಮೊಟ್ಟೆ ಇಳಿಯೋದಕ್ಕೆ. ಆಗ ಅವನ್ನ ಏನು ಮಾಡೋದು ಅನ್ನೋದು ಮೊದಲೇ ಮನೆಯೋರೆಲ್ಲ ಮಾತಾಡಿಟ್ಕೊಳ್ಳಿ. ನಮ್ಮಲ್ಲಿ ಏಳು ಸಾರಾದವು. ಎಂಟನೇದಕ್ಕೆ ಮಗಳು ಚಿನ್ನಿ ಅಂತ ಹೆಸರಿಟ್ಟುಬಿಟ್ಟಿದ್ಲು. ಮೊಟ್ಟೆ ನಿಂತ ಮೇಲೂ ನಾಲ್ಕು ವರ್ಷ ಒಂದು ಮೊಟ್ಟೆನೂ ಇಡದೆ ತಿಂದ್ಕೊಂಡಿತ್ತು, ಹೋದ ಕಾರ್ತಿಕದಲ್ಲಿ ಮುಂಗುಸಿ ಹೊತ್ಕೊಂಡು ಹೋಯ್ತು. ಗೂಡಿನ ಜಾಲರಿ ಬುಡ ಒಂದಡಿ ಮಣ್ಣೊಳಗೆ ಹೂಳಿಸಿ.