ಸೈಟೇಶನ್ ಸಂಖ್ಯೆ ನೋಡಿ ನಂಬಿ ಕೆಟ್ಟೆ: ಥೀಸಿಸ್, ಪೇಪರ್ ಬರೆಯುವವರು ದಯವಿಟ್ಟು ಓದಿ

"ಮೇಡಂ, ಇಲ್ಲಿ ಕೆಂಪು ಪಟ್ಟಿ ಬರ್ತಿದೆ. ಏನಿದು?"

ಹೋದ ವರ್ಷ ನಮ್ಮ ಅರಿವಳಿಕೆ ವಿಭಾಗದ ಮೊದಲ ವರ್ಷದ ಪಿಜಿ, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿನಿ, ಕೇಳಿದ ಪ್ರಶ್ನೆ ಇದು. ಥೀಸಿಸ್‌ನ ಸಿನಾಪ್ಸಿಸ್ (ಮೊದಲ ರೂಪುರೇಷೆ) ತೋರಿಸಲು ಆಪರೇಷನ್ ಥಿಯೇಟರ್ ಪಕ್ಕದ ಡ್ಯೂಟಿ ರೂಮಿಗೆ ಲ್ಯಾಪ್‌ಟಾಪ್ ತಂದಿದ್ದಳು. ರೆಫರೆನ್ಸ್‌ಗಳನ್ನೆಲ್ಲ ಝೊಟೆರೊ ಎಂಬ ಉಚಿತ ಸಾಫ್ಟ್‌ವೇರ್‌ಗೆ ಹಾಕಿದ್ದಳು. ಒಂದು ಸಂಶೋಧನಾ ಪೇಪರ್ ಮೇಲೆ ಒತ್ತಿದಾಗ ಪರದೆಯಲ್ಲಿ ಕೆಂಪು ಪಟ್ಟಿ ಬಂತು. ಇದು ರಿಟ್ರಾಕ್ಟ್ ಆದ ಪೇಪರ್, ಅಂದರೆ ಪ್ರಕಟಿಸಿದ ಜರ್ನಲ್‌ನವರೇ ಅದನ್ನು ಹಿಂದಕ್ಕೆ ಪಡೆದಿದ್ದಾರೆ, ಅಂತ ಅದರ ಅರ್ಥ.

"ಈ ಪೇಪರ್ ಎಲ್ಲಿ ಸಿಕ್ತಮ್ಮ ನಿನಗೆ?" ಅಂತ ಕೇಳಿದೆ.

"ನಿಮ್ಮ ಪೇಪರ್‌ನಲ್ಲೇ ಇತ್ತಲ್ಲ ಮೇಡಂ. ಅಲ್ಲಿಂದಲೇ ತಗೊಂಡೆ."

ನನಗೆ ಕೈಕಾಲು ತಣ್ಣಗಾಯಿತು.

ಕೆಂಪು ಪಟ್ಟಿ ಬಂದ ಆ ಪೇಪರ್ ಬರೆದವರು ಅಮೆರಿಕದ ಸ್ಕಾಟ್ ರೂಬೆನ್. ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ಅರಿವಳಿಕೆ ತಜ್ಞ. ಆಪರೇಷನ್ ಆದ ಮೇಲಿನ ನೋವಿಗೆ ಒಂದೇ ಔಷಧ ಸಾಲದು, ಬೇರೆ ಬೇರೆ ಬಗೆಯ ಎರಡು ಮೂರು ಔಷಧ ಸೇರಿಸಿ ಕೊಡಬೇಕು ಅನ್ನುವ ವಿಷಯದಲ್ಲಿ ಒಂದು ಕಾಲಕ್ಕೆ ಅವರದೇ ಹೆಸರು. ಬೆನ್ನುಮೂಳೆ ಆಪರೇಷನ್‌ಗೆ ಸೆಲೆಕಾಕ್ಸಿಬ್, ಪ್ರಿಗಾಬಾಲಿನ್ ಎಂಬ ಎರಡು ಔಷಧ ಜೊತೆಯಾಗಿ ಕೊಟ್ಟರೆ ಒಳ್ಳೆಯದು ಅಂತ 2006ರಲ್ಲಿ ಬರೆದಿದ್ದರು. ನನ್ನ ಪೇಪರ್‌ನಲ್ಲಿ ನಾನು ಸೈಟ್ ಮಾಡಿದ್ದು, ಅಂದರೆ ಉಲ್ಲೇಖಿಸಿದ್ದು, ಅದನ್ನೇ.

2008ರಲ್ಲಿ ಅವರ ಆಸ್ಪತ್ರೆಯಲ್ಲಿ ಮಾಮೂಲಿ ತಪಾಸಣೆ ನಡೆಯಿತು. ಅವರ ಎರಡು ಅಧ್ಯಯನಗಳಿಗೆ ರೋಗಿಗಳ ಮೇಲಿನ ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯ ಒಪ್ಪಿಗೆಯೇ ಇರಲಿಲ್ಲ. ಕೆದಕುತ್ತಾ ಹೋದರೆ ಕನಿಷ್ಠ 21 ಪೇಪರ್‌ಗಳಲ್ಲಿ ಡೇಟಾ ಕಟ್ಟುಕತೆ ಎಂದು ಗೊತ್ತಾಯಿತು. ಕೆಲವು ಅಧ್ಯಯನಗಳಲ್ಲಿ ರೋಗಿಗಳೇ ಇರಲಿಲ್ಲ. 2009ರಲ್ಲಿ ಜರ್ನಲ್‌ಗಳು ಅವನ್ನು ರಿಟ್ರಾಕ್ಟ್ ಮಾಡಿದವು. 2010ರಲ್ಲಿ ರೂಬೆನ್‌ಗೆ 6 ತಿಂಗಳು ಜೈಲಾಯಿತು. ಸಂಶೋಧನೆಯಲ್ಲಿ ಸುಳ್ಳು ಹೇಳಿ ಜೈಲು ಸೇರಿದವರು ಬಹಳ ಕಡಿಮೆ. ಅಷ್ಟು ದೊಡ್ಡ ಪ್ರಕರಣ ಅದು. ಅರಿವಳಿಕೆ ಓದಿದ ನನಗೆ ಅದು ಗೊತ್ತಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಹಾಗಾದರೆ ಹೇಗೆ ಸೈಟ್ ಮಾಡಿದೆ? ಆ ಪೇಪರ್‌ನ ಪಿಡಿಎಫ್ ನನಗೆ ಸಿಕ್ಕಿದ್ದು ಸೀನಿಯರ್ ಒಬ್ಬರ ಪೆನ್‌ಡ್ರೈವ್‌ನಲ್ಲಿ. ಅದು ರಿಟ್ರಾಕ್ಟ್ ಆಗುವ ಮುಂಚೆಯೇ ಇಳಿಸಿಕೊಂಡಿದ್ದ ಪ್ರತಿ. ಹಾಗಾಗಿ ಪುಟದ ಮೇಲೆ ಯಾವ ಗುರುತೂ ಇರಲಿಲ್ಲ. ಸಂಶೋಧನಾ ಪೇಪರ್ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಹಾಕಿ ನೋಡಿದೆ. ಕೆಳಗೆ ಸೈಟೇಶನ್ ಸಂಖ್ಯೆ ದೊಡ್ಡದಾಗಿಯೇ ಇತ್ತು. ಇಷ್ಟು ಜನ ಉಲ್ಲೇಖಿಸಿದ್ದಾರೆ ಅಂದಮೇಲೆ ಗಟ್ಟಿ ಪೇಪರೇ ಅಲ್ವಾ ಅಂದುಕೊಂಡೆ. ಅಷ್ಟೇ ನನ್ನ ಪರೀಕ್ಷೆ.

ಸೈಟೇಶನ್ ಅಂದರೆ ಏನು ಅಂತ ಈ ಕ್ಷೇತ್ರದ ಹೊರಗಿನವರಿಗೂ ಹೇಳಬೇಕು. ಒಬ್ಬರ ಪೇಪರ್ ಅನ್ನು ಇನ್ನೊಬ್ಬರು ತಮ್ಮ ಪೇಪರ್‌ನಲ್ಲಿ ಹೆಸರಿಸಿದರೆ ಅದು ಒಂದು ಸೈಟೇಶನ್. ಯಾಕೆ ಹೆಸರಿಸಿದರು ಅನ್ನುವುದು ಎಣಿಕೆಗೆ ಬರುವುದಿಲ್ಲ. ಹೊಗಳಿದರೂ ಒಂದು, ಬೈದರೂ ಒಂದು. ಬ್ರಿಟನ್ನಿನ ಆಂಡ್ರ್ಯೂ ವೇಕ್‌ಫೀಲ್ಡ್ 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಜರ್ನಲ್‌ನಲ್ಲಿ ಬರೀ 12 ಮಕ್ಕಳ ವಿವರ ಇಟ್ಟುಕೊಂಡು ಮಕ್ಕಳಿಗೆ ದಡಾರ ಮುಂತಾದವು ಬಾರದಂತೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟು ಹಾಕಿದರು. 2010ರಲ್ಲಿ ಲ್ಯಾನ್ಸೆಟ್ ಅದನ್ನು ರಿಟ್ರಾಕ್ಟ್ ಮಾಡಿತು. ಅದಕ್ಕೂ ಸೈಟೇಶನ್ ರಾಶಿ ರಾಶಿ ಇವೆ. ಬಹುಪಾಲು ಅದನ್ನು ತಪ್ಪು ಅಂತ ತೋರಿಸಿದವರದ್ದು. ಬರೀ ಸಂಖ್ಯೆ ನೋಡಿದವರಿಗೆ ಅದು ದೊಡ್ಡ ಸಾಧನೆಯ ಹಾಗೇ ಕಾಣುತ್ತದೆ.

ರೂಬೆನ್ ಪೇಪರ್‌ಗಳ ಕತೆ ಇನ್ನೂ ಬೇಸರದ್ದು. ರಿಟ್ರಾಕ್ಟ್ ಆದ ಮೇಲೂ ವರ್ಷಗಟ್ಟಲೆ ಅವನ್ನು ಸೈಟ್ ಮಾಡಿದ್ದಾರೆ. ಇದನ್ನು ಲೆಕ್ಕ ಹಾಕಿದವರಿಗೆ, ಇದು ರಿಟ್ರಾಕ್ಟ್ ಆದ ಪೇಪರ್ ಅಂತ ತಿಳಿಸಿದವರು ಸೈಟ್ ಮಾಡಿದವರಲ್ಲಿ ಸುಮಾರು ಕಾಲು ಭಾಗ ಮಾತ್ರ ಸಿಕ್ಕರು. ಉಳಿದವರ ಸಾಲಿನಲ್ಲಿ ನಾನೂ ಇದ್ದೇನೆ.

ಒಳ್ಳೆಯ ಜರ್ನಲ್‌ಗೆ ಕಳಿಸಿದ್ದರೆ ಪ್ರಕಟಿಸುವ ಮುಂಚೆ ಓದಿ ರಿವ್ಯೂ ಮಾಡುವ ತಜ್ಞರು ಅಲ್ಲೇ ಹಿಡಿಯಬಹುದಿತ್ತು. ನಾನು ಕಳಿಸಿದ ಜಾಗ ಅಂಥದ್ದಲ್ಲ. ನನ್ನ ಎರಡನೇ ತಪ್ಪು ಇದು, ಮತ್ತು ಇದೇ ದೊಡ್ಡದು.

ನಮ್ಮಲ್ಲಿ ಅಸೋಸಿಯೇಟ್ ಪ್ರೊಫೆಸರ್ ಆಗಬೇಕಾದರೆ ಪೇಪರ್ ಪ್ರಕಟವಾಗಿರಬೇಕು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ನಿಯಮದಲ್ಲಿ ಎಂಥ ಜರ್ನಲ್ ಆಗಬಹುದು ಅನ್ನುವುದಕ್ಕೆ ಮೆಡ್‌ಲೈನ್, ಸ್ಕೋಪಸ್, ಡಿಒಎಜೆ ಮುಂತಾದ ಜರ್ನಲ್ ಪಟ್ಟಿಗಳ ಹೆಸರಿತ್ತು. ನನಗೆ ಒಂದು ಪೇಪರ್ ಕಡಿಮೆ ಇತ್ತು. ಪ್ರಮೋಷನ್ ಇಂಟರ್‌ವ್ಯೂ ಹತ್ತಿರ ಬಂದಿತ್ತು. ಆಗ ಒಂದು ಮೇಲ್ ಬಂತು. "ಗೌರವಾನ್ವಿತ ಡಾಕ್ಟರ್, ನಿಮ್ಮ ಅಮೂಲ್ಯ ಸಂಶೋಧನೆಯನ್ನು ಓದಿ ಮೆಚ್ಚಿದೆವು" ಅಂತ ಶುರುವಾಗಿತ್ತು. ಅವರ ವೆಬ್‌ಸೈಟ್‌ನಲ್ಲಿ ಜರ್ನಲ್‌ನ ಪೇಪರ್‌ಗಳಿಗೆ ಸರಾಸರಿ ಎಷ್ಟು ಸೈಟೇಶನ್ ಸಿಗುತ್ತದೆ ಅಂತ ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ 6.84 ಅಂತ ದಪ್ಪಕ್ಷರದಲ್ಲಿತ್ತು. ಕೆಳಗೆ ಆ ಎಲ್ಲ ಪಟ್ಟಿಗಳ ಲೋಗೋಗಳೂ ಇದ್ದವು. ನಾನು ಲೋಗೋ ನೋಡಿದೆ. ಆ ಪಟ್ಟಿಗಳಲ್ಲಿ ಹುಡುಕಲಿಲ್ಲ.

ಸೋಮವಾರ ಕಳಿಸಿದೆ. ಶುಕ್ರವಾರ ಒಪ್ಪಿಗೆ ಬಂತು. ರಿವ್ಯೂ ಅಂತ ಎರಡೇ ಸಾಲು: ಪೇಪರ್ ಚೆನ್ನಾಗಿದೆ, ವ್ಯಾಕರಣ ಒಮ್ಮೆ ನೋಡಿ. 14,500 ರೂಪಾಯಿ ಯುಪಿಐ ಮಾಡಲು ಹೇಳಿದರು. ದುಡ್ಡು ಹೋಗಿದ್ದು ಯಾರದೋ ಖಾಸಗಿ ಹೆಸರಿನ ಉಳಿತಾಯ ಖಾತೆಗೆ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಕೆಂಪು ಪಟ್ಟಿ ನೋಡಿದ ರಾತ್ರಿ ಮನೆಯಲ್ಲಿ ಕೂತು ನನ್ನ ಪೇಪರ್ ಅನ್ನು ಮೊದಲಿಂದ ಕೊನೆವರೆಗೆ ಓದಿದೆ. ಒಂದನೇ ಟೇಬಲ್‌ನಲ್ಲೇ ಕಣ್ಣು ನಿಂತಿತು. ನನ್ನ ಅಧ್ಯಯನದಲ್ಲಿ ಇದ್ದದ್ದು 60 ರೋಗಿಗಳು, ಗುಂಪಿಗೆ 30 ಜನ. ಟೇಬಲ್‌ನಲ್ಲಿ ಗಂಡಸರು 28, ಹೆಂಗಸರು 34 ಅಂತ ಅಚ್ಚಾಗಿದೆ. ಕೂಡಿದರೆ 62. ನಾನು ಟೈಪ್ ಮಾಡುವಾಗ 32ರ ಬದಲು 34 ಹೊಡೆದಿದ್ದೆ. ಪೇಪರ್ ಅನ್ನು ಒಬ್ಬರು, ಒಂದೇ ಒಬ್ಬರು ಓದಿದ್ದರೂ ಇದು ಕಾಣುತ್ತಿತ್ತು. ಯಾರೂ ಓದಿಲ್ಲ. ರೂಬೆನ್ ಹೆಸರು ಹಾಗೇ ದಾಟಿ ಹೋಗಿದ್ದಕ್ಕೂ ಕಾರಣ ಅದೇ.

ಇದು ಬರೀ ಕಾಗದದ ವಿಷಯ ಅಲ್ಲ. ಪ್ರಿಗಾಬಾಲಿನ್ ಮಂಪರು ತರುವ ಔಷಧ. ವಯಸ್ಸಾದವರಿಗೆ, ಶ್ವಾಸಕೋಶದ ತೊಂದರೆ ಇರುವವರಿಗೆ, ಅಥವಾ ಮಾರ್ಫಿನ್ ಥರದ ಔಷಧದ ಜೊತೆ ಕೊಟ್ಟಾಗ ಉಸಿರಾಟ ತೀರಾ ನಿಧಾನವಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2019ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. ಈ ಔಷಧದ ಮೇಲೆ ಪ್ರಾಮಾಣಿಕವಾಗಿ ನಡೆದ ಅಧ್ಯಯನಗಳೂ ಬೇಕಾದಷ್ಟಿವೆ. ಆದರೆ ರಾತ್ರಿ ಡ್ಯೂಟಿಯಲ್ಲಿ ಪಿಜಿ ಒಬ್ಬರು 70 ದಾಟಿದ ಅಜ್ಜಿಗೆ ಎಷ್ಟು ಮಿಲಿಗ್ರಾಂ ಕೊಡಲಿ ಅಂತ ಹುಡುಕುವಾಗ, ಇಲ್ಲದ ರೋಗಿಗಳ ಮೇಲೆ ಕಟ್ಟಿದ ಪೇಪರ್ ಕಣ್ಣಿಗೆ ಬಿದ್ದರೆ? ಅದನ್ನು ಅವರ ಕೈಗೆ ತಲುಪಿಸಿದ್ದು ನನ್ನ ಪೇಪರ್ ಆಗಿದ್ದರೆ? ಇದನ್ನು ಯೋಚಿಸಿ ಎಷ್ಟೋ ದಿನ ನಿದ್ದೆ ಬರಲಿಲ್ಲ.

ಮರುದಿನವೇ ಪೇಪರ್ ತೆಗೆಯಿರಿ ಅಂತ ಜರ್ನಲ್‌ಗೆ ಬರೆದೆ. ವಾಪಸ್ ಪಡೆಯಲು 25,000 ರೂಪಾಯಿ ಕಟ್ಟಿ ಅಂದರು. ಲೇಖಕರೇ ತಪ್ಪು ಒಪ್ಪಿಕೊಂಡು ತೆಗೆಯಿರಿ ಅಂದಾಗ ದುಡ್ಡು ಕೇಳುವುದು ಎಲ್ಲಾದರೂ ಉಂಟೇ? ಸಂಪಾದಕ ಮಂಡಳಿಯಲ್ಲಿ ಹೆಸರಿದ್ದ ನಿವೃತ್ತ ಪ್ರೊಫೆಸರ್ ಒಬ್ಬರ ಮೇಲ್ ಹುಡುಕಿ ಬರೆದೆ. "ನನ್ನ ಹೆಸರು ಅಲ್ಲಿ ಹೇಗೆ ಬಂತೋ ಗೊತ್ತಿಲ್ಲಮ್ಮ, ತೆಗೆಯಿರಿ ಅಂತ ಎರಡು ವರ್ಷದಿಂದ ಕೇಳ್ತಾ ಇದ್ದೇನೆ" ಅಂತ ಉತ್ತರ ಬಂತು.

ಇಂಥ ಜರ್ನಲ್‌ಗಳು ಹೊಸದೇನಲ್ಲ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಕಲ್ಲುಹೂವಿನಂಥ ಜೀವಿಯಿಂದ ಕ್ಯಾನ್ಸರ್ ಔಷಧ ಸಿಕ್ಕಿದೆ ಅಂತ ಬೇಕೆಂದೇ ತಪ್ಪು ತುಂಬಿದ ಪೇಪರ್ ಬರೆದು 304 ಜರ್ನಲ್‌ಗಳಿಗೆ ಕಳಿಸಿದ್ದರು. 157 ಜರ್ನಲ್‌ಗಳು ಒಪ್ಪಿಕೊಂಡವು. ಅವುಗಳಲ್ಲಿ ನಮ್ಮ ದೇಶದವು ಬಹಳ. ನಾನು ಇದನ್ನು ಓದಿದ್ದು ದುಡ್ಡು ಕಟ್ಟಿದ ಮೇಲೆ.

ನೀವು ಕಟ್ಟುವ ಮುಂಚೆ ಇಷ್ಟಾದರೂ ಮಾಡಿ. ಜರ್ನಲ್‌ನ ಐಎಸ್‌ಎಸ್‌ಎನ್ ಸಂಖ್ಯೆ ತಗೊಂಡು ಸ್ಕೋಪಸ್, ಡಿಒಎಜೆ ವೆಬ್‌ಸೈಟ್‌ಗಳಿಗೆ ನೀವೇ ಹೋಗಿ ಹುಡುಕಿ. ಮೆಡ್‌ಲೈನ್‌ನಲ್ಲಿದೆ ಅಂದರೆ ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಆ ಜರ್ನಲ್‌ನ ಪುಟದಲ್ಲಿ ಹಾಗೆಂದು ಬರೆದಿರಬೇಕು. ಐಎಸ್‌ಎಸ್‌ಎನ್ ಇದೆ ಅಂದಮಾತ್ರಕ್ಕೆ ಒಳ್ಳೆಯ ಜರ್ನಲ್ ಅಲ್ಲ, ಅದು ಬರೀ ನೋಂದಣಿ ಸಂಖ್ಯೆ. ಇಂಪ್ಯಾಕ್ಟ್ ಫ್ಯಾಕ್ಟರ್ ಅಂದರೆ ಹಿಂದಿನ ಎರಡು ವರ್ಷದ ಪೇಪರ್‌ಗಳಿಗೆ ಈ ವರ್ಷ ಸಿಕ್ಕ ಸೈಟೇಶನ್‌ಗಳನ್ನು ಆ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸಿದ್ದು. ಅದನ್ನು ಕೊಡುವುದು ಕ್ಲಾರಿವೇಟ್ ಸಂಸ್ಥೆ. ಆ ಹೆಸರಿಗೆ ಇನ್ನೊಂದು ಪದ ಅಂಟಿಸಿಕೊಂಡು ಬೇರೆ ಯಾರೋ ಕೊಟ್ಟ ಅಂಕಿಗೆ ಬೆಲೆಯಿಲ್ಲ. ನನ್ನ ಜರ್ನಲ್‌ನ 6.84 ಅಂಥದ್ದೇ. ನಿಮ್ಮ ಕಾಲೇಜಿನ ಲೈಬ್ರರಿಯನ್‌ರನ್ನು ಒಮ್ಮೆ ಕೇಳಿ. ನಮ್ಮ ಲೈಬ್ರರಿಯನ್ ಐದು ನಿಮಿಷದಲ್ಲಿ ಹೇಳಿದರು. ನಾನು ಕೇಳಿದ್ದು ತಡವಾಗಿ.

ರೆಫರೆನ್ಸ್ ವಿಷಯಕ್ಕೆ ಬಂದರೆ, ಹಳೆಯ ಪಿಡಿಎಫ್ ನಂಬಬೇಡಿ. ಒಂದೊಂದನ್ನೂ ವೈದ್ಯಕೀಯ ಪೇಪರ್ ಹುಡುಕುವ ಪಬ್‌ಮೆಡ್ ವೆಬ್‌ಸೈಟ್‌ನಲ್ಲಿ ತೆಗೆದು ನೋಡಿ. ರಿಟ್ರಾಕ್ಟ್ ಆಗಿದ್ದರೆ ಮೇಲ್ಗಡೆಯೇ ಬರೆದಿರುತ್ತದೆ. ರಿಟ್ರಾಕ್ಷನ್ ವಾಚ್ ಎಂಬ ಗುಂಪು ಇಂಥವುಗಳ ದೊಡ್ಡ ಪಟ್ಟಿ ಮಾಡಿದೆ. 2023ರಿಂದ ಅದು ಎಲ್ಲರಿಗೂ ಉಚಿತ. ಸೀನಿಯರ್ ಥೀಸಿಸ್‌ನ ರೆಫರೆನ್ಸ್ ಪಟ್ಟಿಯನ್ನು ಸುಮ್ನೆ ಎತ್ತಿ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದನ್ನು ನಾನೂ ಮಾಡಿದ್ದೆ.

ಇನ್ನೊಂದು ಮಾತು. ಪೇಪರ್ ಬಂದ ಮೇಲೆ ವಾಟ್ಸಾಪ್‌ನಲ್ಲಿ ಮೆಸೇಜ್ ಬರುತ್ತವೆ: ಇಷ್ಟು ಕೊಟ್ಟರೆ ಇಷ್ಟು ಸೈಟೇಶನ್ ಮಾಡಿಸಿಕೊಡುತ್ತೇವೆ, ಎಚ್-ಇಂಡೆಕ್ಸ್ (ಪೇಪರ್, ಸೈಟೇಶನ್ ಎರಡೂ ನೋಡಿ ಲೇಖಕರಿಗೆ ಕೊಡುವ ಅಂಕಿ) ಏರಿಸುತ್ತೇವೆ. ನನಗೆ ಮೂರು ಬಂದಿವೆ. ಇದು ಎಷ್ಟು ಸುಲಭ ಅಂತ ತೋರಿಸಲು 2024ರಲ್ಲಿ ಇಬ್ಬರು ಸಂಶೋಧಕರು ಲ್ಯಾರಿ ಎಂಬ ಬೆಕ್ಕಿನ ಹೆಸರಲ್ಲಿ ಸುಳ್ಳು ಪೇಪರ್ ಹಾಕಿ ಗೂಗಲ್ ಸ್ಕಾಲರ್‌ನಲ್ಲಿ ನೂರಕ್ಕೂ ಹೆಚ್ಚು ಸೈಟೇಶನ್ ಬರುವ ಹಾಗೆ ಮಾಡಿದ್ದರು. ಹಾಗಾಗಿ ಯಾವುದೋ ಚಿಕಿತ್ಸೆ ಮಾರುವವರು ತಮ್ಮ ಸೈಟೇಶನ್ ಸಂಖ್ಯೆ ತೋರಿಸಿದರೆ ರೋಗಿಗಳ ಮನೆಯವರು ಅಲ್ಲಿಗೇ ಒಪ್ಪಿಬಿಡಬೇಡಿ. ನಿಮ್ಮ ಡಾಕ್ಟರ್ ಹತ್ತಿರ ಆ ಪೇಪರ್ ಕೊಟ್ಟು ಓದಿಸಿ.

ನಾನು 25,000 ಕಟ್ಟಲಿಲ್ಲ. ನಮ್ಮ ವಿಭಾಗದ ಮುಖ್ಯಸ್ಥರಾದ ಸರ್‌ಗೆ, ಕಾಲೇಜಿನ ಎಥಿಕ್ಸ್ ಕಮಿಟಿಗೆ ಎಲ್ಲವನ್ನೂ ಬರೆದು ಕೊಟ್ಟೆ. ಪ್ರಮೋಷನ್ ಅರ್ಜಿಯಿಂದ ಆ ಪೇಪರ್ ತೆಗೆದೆ. ಆ ಸಲ ಪ್ರಮೋಷನ್ ಆಗಲಿಲ್ಲ. ಸರ್ ಬೈಯಲಿಲ್ಲ. ಕುರ್ಚಿ ಎಳೆದು ಕೂರಿಸಿ, "ಸೈಟ್ ಮಾಡಿದವರಿಗೆಲ್ಲ ನೀನೇ ಬರೆದು ತಿಳಿಸಮ್ಮ" ಅಂದರು.

ಆಗ ನನ್ನ ಪೇಪರ್‌ಗೆ ನಾಲ್ಕು ಸೈಟೇಶನ್ ಇದ್ದವು. ಒಂದು ಕಾಲಕ್ಕೆ ಆ ನಾಲ್ಕನ್ನು ನೋಡಿ ಹಿಗ್ಗಿದ್ದೆ. ನಾಲ್ವರಿಗೂ ಬರೆದೆ. ಒಬ್ಬರು ಉತ್ತರ ಕೊಟ್ಟು ತಮ್ಮ ಥೀಸಿಸ್‌ನಲ್ಲಿ ತಿದ್ದಿಕೊಂಡರು. ನಮ್ಮ ಪಿಜಿ ಹುಡುಗಿ ತನ್ನ ಸಿನಾಪ್ಸಿಸ್‌ನಿಂದ ರೂಬೆನ್ ಪೇಪರ್ ತೆಗೆದಳು. ನನ್ನದನ್ನೂ ತೆಗೆಸಿದೆ. ನನ್ನ ಪೇಪರ್ ಮಾತ್ರ ಇವತ್ತಿಗೂ ಆ ವೆಬ್‌ಸೈಟ್‌ನಲ್ಲಿದೆ. ಹೋದ ವಾರ ನೋಡಿದಾಗ ಸೈಟೇಶನ್ ಐದಾಗಿತ್ತು. ಐದನೆಯವರಿಗೆ ನಿನ್ನೆ ರಾತ್ರಿ ಮೇಲ್ ಹಾಕಿದ್ದೇನೆ.