30 ವಾರ ಕುಳಿತು ಬಂದ ಉಪದೇಶದ ತರಗತಿ

ವಯಸ್ಕರಿಗಾಗಿ ಕ್ರೈಸ್ತ ಸಭೆಯೊಂದು (ಚರ್ಚ್) ನಡೆಸುವ 30 ವಾರಗಳ ಉಪದೇಶದ ತರಗತಿಯನ್ನು ಈಚೆಗೆ ಮುಗಿಸಿದೆ. ವಾರಕ್ಕೊಂದು ಸಂಜೆ, ಒಂದೂವರೆ ಗಂಟೆಯ ಅವಧಿ, 14 ಮಂದಿ, ಕೈಗೊಂದು ತೆಳ್ಳನೆಯ ಪುಸ್ತಿಕೆ. ನಡೆಸಿಕೊಡುವವರು ಇಬ್ಬರು, ಸಭಾಪಾಲಕರು ಮತ್ತು ಸಭೆಯ ಹಿರಿಯರಲ್ಲೊಬ್ಬರು. ಚಿಕ್ಕಂದಿನಿಂದ ಆರಾಧನೆಯಲ್ಲಿ ಕುಳಿತು, ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ವಿಶ್ವಾಸ ಪ್ರಮಾಣವನ್ನು ಬಾಯಿಪಾಠವಾಗಿ ಹೇಳುತ್ತಾ ಬಂದವನಾದ್ದರಿಂದ, ಇಲ್ಲಿ ನನಗೆ ಹೊಸದೇನೂ ಸಿಗಲಾರದು ಎಂದುಕೊಂಡೇ ಹೆಸರು ಬರೆಸಿದ್ದೆ. ಆ ಎಣಿಕೆ ಅರ್ಧ ಸುಳ್ಳಾಯಿತು, ಅರ್ಧ ನಿಜವಾಯಿತು. ಯಾವ ಅರ್ಧ ಹೇಗೆ ಎಂಬುದನ್ನು ಮುಂದೆ ಸೇರಲಿರುವವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ಪಾಠಗಳ ಕ್ರಮದ ಮಾತು, ಏಕೆಂದರೆ ತರಗತಿಯ ದೊಡ್ಡ ಬಲವೇ ಅದು. ಪ್ರೊಟೆಸ್ಟಂಟ್ ಸಭೆಗಳಲ್ಲಿ ಹೆಚ್ಚು ಬಳಕೆಯಾದ ಎರಡು ಪ್ರಶ್ನೋತ್ತರ ಪುಸ್ತಕಗಳು ಒಂದೇ ಸಾಮಗ್ರಿಯನ್ನು ಬೇರೆ ಬೇರೆ ರೀತಿಯಲ್ಲಿ ಜೋಡಿಸುತ್ತವೆ. ಹಳ್ಳಿಯ ಸಭೆಗಳ ತಪಾಸಣೆಗೆ ಹೋಗಿ, ಜನರಿಗೆ ಕ್ರೈಸ್ತ ಬೋಧನೆಯ ಗಂಧಗಾಳಿಯೂ ಇಲ್ಲದ್ದನ್ನು ಕಂಡು ನೊಂದ ಜರ್ಮನಿಯ ಸುಧಾರಕ ಲೂಥರ್ 1529ರಲ್ಲಿ ಬರೆದ ಕಿರು ಪುಸ್ತಕ ಹತ್ತು ಆಜ್ಞೆಗಳಿಂದ ಆರಂಭವಾಗಿ, ಅನಂತರ ವಿಶ್ವಾಸ ಪ್ರಮಾಣಕ್ಕೂ ಯೇಸು ಕಲಿಸಿದ ಕರ್ತನ ಪ್ರಾರ್ಥನೆಗೂ ಸಾಗುತ್ತದೆ. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರವಾದರೋ ತನ್ನ 129 ಪ್ರಶ್ನೆಗಳನ್ನು ಮನುಷ್ಯನ ದುರವಸ್ಥೆ, ಬಿಡುಗಡೆ, ಕೃತಜ್ಞತೆ ಎಂಬ ಮೂರು ಭಾಗಗಳಾಗಿ ಹಂಚಿಕೊಂಡು, ಹತ್ತು ಆಜ್ಞೆಗಳನ್ನು ಮೂರನೆಯ ಭಾಗದಲ್ಲಿ, ಅಂದರೆ ಕೃತಜ್ಞತೆಯ ಕೆಳಗೆ ಇರಿಸುತ್ತದೆ. ನಮ್ಮ ತರಗತಿ ಈ ಎರಡನೆಯ ದಾರಿಯನ್ನೇ ಹಿಡಿದಿತ್ತು. ಪುಸ್ತಿಕೆಯಲ್ಲಿ ಎಲ್ಲಿಯೂ ಇದನ್ನು ಹೇಳಿಲ್ಲ, ಹೇಳಬೇಕಿತ್ತು. ಆಜ್ಞೆಯನ್ನು ಮೊದಲು ಓದಿದವನಿಗೆ ಅದು ತನ್ನ ತಪ್ಪನ್ನು ತೋರಿಸುವ ಕನ್ನಡಿಯಾಗುತ್ತದೆ. ಕ್ಷಮೆಯ ಪಾಠ ಮುಗಿದ ಮೇಲೆ ಅದೇ ಆಜ್ಞೆಯನ್ನು ಓದಿದರೆ, ಋಣ ತೀರಿದವನು ಇನ್ನು ಹೇಗೆ ಬದುಕಬೇಕು ಎಂಬ ಮಾತಾಗಿ ಕೇಳಿಸುತ್ತದೆ. ಕದಿಯಬಾರದು ಎಂಬುದಕ್ಕೆ ಹೈಡೆಲ್‌ಬರ್ಗ್ ಕೊಡುವ ವಿವರಣೆಯಲ್ಲಿ ಸುಳ್ಳು ತೂಕ, ಸುಳ್ಳು ಅಳತೆ, ಖೋಟಾ ನಾಣ್ಯ, ಬಡ್ಡಿ ಎಲ್ಲವೂ ಕಳ್ಳತನದ ಪಟ್ಟಿಗೆ ಸೇರುತ್ತವೆ. ಮುಂದಿನ ಉತ್ತರ ಇನ್ನೂ ಒಂದು ಹೆಜ್ಜೆ ಹೋಗಿ, ಕಷ್ಟದಲ್ಲಿರುವವರಿಗೆ ನೆರವಾಗುವಷ್ಟು ಪ್ರಾಮಾಣಿಕವಾಗಿ ದುಡಿಯುವುದೂ ಆಜ್ಞೆಯ ಭಾಗವೇ ಎನ್ನುತ್ತದೆ. ಆ ಸಂಜೆ ವ್ಯಾಪಾರದವರು, ಸಂಬಳದವರು ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಜ್ಞೆಗಳ ವಾರಗಳಲ್ಲೇ ಒಂದು ಸಣ್ಣ ತಮಾಷೆಯೂ ನಡೆಯಿತು. ಕದಿಯಬಾರದು ಎಂಬುದು ಎಷ್ಟನೆಯ ಆಜ್ಞೆ ಎಂದು ಹಿರಿಯರು ಕೇಳಿದಾಗ ಒಬ್ಬರು ಏಳನೆಯದೆಂದರು, ಅವರ ಪಕ್ಕದಲ್ಲಿದ್ದವರು ಎಂಟನೆಯದೆಂದರು, ಇಬ್ಬರೂ ಒಬ್ಬರನ್ನೊಬ್ಬರು ಕನಿಕರದಿಂದ ನೋಡಿಕೊಂಡರು. ಇಬ್ಬರದೂ ಸರಿಯೇ. ಬೈಬಲಿನ ವಿಮೋಚನಕಾಂಡದ 20ನೆಯ ಅಧ್ಯಾಯದಲ್ಲಿ ಆಜ್ಞೆಗಳಿವೆ, ಅವುಗಳಿಗೆ ಅಂಕಿಗಳಿಲ್ಲ. ಪ್ರಾಚೀನ ಸಭೆಯ ಬೋಧಕ ಅಗಸ್ಟೀನನ ಎಣಿಕೆಯನ್ನು ಅನುಸರಿಸುವ ಕಥೋಲಿಕರೂ ಲೂಥರನ್ನರೂ ವಿಗ್ರಹದ ಆಜ್ಞೆಯನ್ನು ಮೊದಲನೆಯದರಲ್ಲೇ ಸೇರಿಸಿ, ಕೊನೆಯ ಆಶೆಪಡಬಾರದು ಎಂಬುದನ್ನು ಎರಡಾಗಿಸುತ್ತಾರೆ. ರಿಫಾರ್ಮ್ಡ್ ಮತ್ತು ಆಂಗ್ಲಿಕನ್ ಸಭೆಗಳು, ಹಾಗೆಯೇ ಆರ್ಥೊಡಾಕ್ಸ್ ಸಭೆಗಳು, ವಿಗ್ರಹದ ಆಜ್ಞೆಯನ್ನು ಪ್ರತ್ಯೇಕವಾಗಿ ಎಣಿಸುತ್ತವೆ. ಬೇರೆ ಬೇರೆ ಸಭೆಗಳಿಂದ ಬಂದವರು ಒಂದೇ ಬೆಂಚಿನಲ್ಲಿ ಕೂರುವ ತರಗತಿಗೆ ಇಂಥ ಸಂಗತಿ ಐದು ನಿಮಿಷದ ವಿಷಯ. ಆದರೂ ಆ ಐದು ನಿಮಿಷ, ಎದುರಿನವನು ಏನನ್ನೂ ಕಲಿತಿಲ್ಲ ಎಂದು ತೀರ್ಮಾನಿಸುವ ಮೊದಲು ಅವನು ಎಲ್ಲಿ ಕಲಿತ ಎಂದು ಕೇಳುವ ಅಭ್ಯಾಸವನ್ನು ನಮ್ಮಲ್ಲಿ ಹಲವರಿಗೆ ಹಚ್ಚಿತು.

ವಿಶ್ವಾಸ ಪ್ರಮಾಣದ ಎಂಟು ವಾರಗಳಲ್ಲಿ ಸಭಾಪಾಲಕರು ಒಂದು ಒಳ್ಳೆಯ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಆರಾಧನೆಯಲ್ಲಿ ನಾವು ಈಗಾಗಲೇ ಏನನ್ನು ಮಾಡುತ್ತಿದ್ದೇವೆ ಎಂಬುದನ್ನು ಮೊದಲು ಹೇಳಿಸಿ, ಅದರ ಹಿಂದಿರುವ ಉಪದೇಶವನ್ನು ಆಮೇಲೆ ತೆರೆಯುತ್ತಿದ್ದರು. ನೈಸಿಯಾ ಸಮ್ಮೇಳನದ ಪಾಠ ಇದಕ್ಕೆ ಉತ್ತಮ ಉದಾಹರಣೆ. 325ರಲ್ಲಿ ಸೇರಿದ ಆ ಬಿಷಪರ ಸಮ್ಮೇಳನ, ದೇವರ ಮಗನಾದ ಯೇಸು ಸೃಷ್ಟಿಯಾದವನು ಎಂಬ ಆರಿಯಸನ ಬೋಧನೆಯನ್ನು ತಳ್ಳಿಹಾಕಿ, ಮಗನು ತಂದೆಯೊಂದಿಗೆ ಒಂದೇ ತತ್ತ್ವವುಳ್ಳವನು ಎಂದು ಘೋಷಿಸಿತೆಂಬುದನ್ನು ಎಷ್ಟೋ ಸಲ ಕೇಳಿದ್ದೆ. ಗ್ರೀಕ್ ಪದವೊಂದರ ಜಗಳದಂತೆಯೇ ಅದು ನನಗೆ ತೋರುತ್ತಿತ್ತು. ಸಭಾಪಾಲಕರು ಬೇರೆ ಕಡೆಯಿಂದ ಹೊರಟರು: ನೀವು ಯೇಸುವಿಗೆ ಪ್ರಾರ್ಥಿಸುತ್ತೀರಾ? ಆತನ ಹೆಸರಿನಲ್ಲಿ ದೀಕ್ಷಾಸ್ನಾನ ಪಡೆದಿದ್ದೀರಾ? ಹಾಗಾದರೆ ಆತನು ಸೃಷ್ಟಿಯಾದವನಾಗಿದ್ದಲ್ಲಿ ನೀವು ಇಷ್ಟು ವರ್ಷ ಮಾಡುತ್ತಿದ್ದುದನ್ನು ಏನೆಂದು ಕರೆಯಬೇಕು? ಆರಿಯಸನನ್ನು ಎದುರಿಸಿದ ಅಥನಾಸಿಯುಸನ ವಾದದ ತಿರುಳೂ ಹೆಚ್ಚುಕಡಿಮೆ ಇದೇ. ಜನರು ಮೊಣಕಾಲೂರಿ ಹೇಳುತ್ತಿದ್ದ ಮಾತು ಸುಳ್ಳಾಗದಂತೆ ಕಾಯುವುದಕ್ಕೆ ಆ ಪದ ಬೇಕಾಯಿತು ಎಂಬುದು ಅಂದು ಮೊದಲ ಬಾರಿಗೆ ನನ್ನ ತಲೆಗೆ ಹೊಕ್ಕಿತು. 381ರ ಕಾನ್‌ಸ್ಟಾಂಟಿನೋಪಲ್ ಮತ್ತು 451ರ ಕಾಲ್ಸಿಡಾನ್ ಸಮ್ಮೇಳನಗಳನ್ನು ಇದೇ ಬಗೆಯಲ್ಲಿ ತೆರೆಯಲು ಸಮಯವಿರಲಿಲ್ಲ. ಒಂದೇ ಸಂಜೆಯಲ್ಲಿ ಎರಡನ್ನೂ ಮುಗಿಸಿದರು, ಮನಸ್ಸಿನಲ್ಲಿ ಉಳಿದದ್ದು ಇಸವಿಗಳು ಮಾತ್ರ.

ಇದೇ ಪದ್ಧತಿಯ ಇನ್ನೊಂದು ಫಲವೆಂದರೆ ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯ ಓದು. ಕ್ರಿಸ್ತನು ದಾಸನ ರೂಪವನ್ನು ಧರಿಸಿ ತನ್ನನ್ನು ತಗ್ಗಿಸಿಕೊಂಡನು ಎಂಬ ಎರಡನೆಯ ಅಧ್ಯಾಯದ ಭಾಗವನ್ನು ಕ್ರಿಸ್ತನ ಸ್ವರೂಪದ ಬಗ್ಗೆ ಬಂದ ಅತಿ ಎತ್ತರದ ಮಾತೆಂದು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಯುವೊದ್ಯ, ಸಂತುಕೆ ಎಂಬ ಇಬ್ಬರು ಸ್ತ್ರೀಯರು ಒಂದೇ ಮನಸ್ಸುಳ್ಳವರಾಗಿರಲಿ ಎಂದು ಪತ್ರಿಕೆ ಬರೆದ ಅಪೊಸ್ತಲ ಪೌಲನು ಬೇಡಿಕೊಳ್ಳುತ್ತಾನೆ. ಅಲ್ಲಿನ ಒಂದೇ ಮನಸ್ಸು ಎಂಬ ಮಾತೂ ಎರಡನೆಯ ಅಧ್ಯಾಯದ ಆರಂಭದಲ್ಲಿ ಬರುವ ಮಾತೂ ಮೂಲದಲ್ಲಿ ಒಂದೇ. ಹಾಗಿದ್ದರೆ ಆ ಎತ್ತರದ ಉಪದೇಶ, ಜೊತೆಯಲ್ಲಿ ಸೇವೆ ಮಾಡಿ ಈಗ ಮನಸ್ತಾಪ ಕಟ್ಟಿಕೊಂಡ ಇಬ್ಬರು ಕುಳಿತಿದ್ದ ಸಭೆಗೆ ಬರೆದದ್ದು. ಮಾತು ಬಿಟ್ಟಿರುವ ಇಬ್ಬರು ಯಾವ ಸಭೆಯಲ್ಲಿಲ್ಲ?

ಈಗ ಕೊರತೆಗಳು. ವಿಶ್ವಾಸ ಪ್ರಮಾಣವನ್ನೇ ಬೆನ್ನೆಲುಬಾಗಿ ಇಟ್ಟುಕೊಂಡ ತರಗತಿಗೆ ಆ ಪ್ರಮಾಣದ ಮೌನವೂ ಅಂಟಿಕೊಳ್ಳುತ್ತದೆ. ಅಪೊಸ್ತಲರ ವಿಶ್ವಾಸ ಪ್ರಮಾಣ ಕನ್ನಿಕೆ ಮರಿಯಳಲ್ಲಿ ಹುಟ್ಟಿದ್ದನ್ನು ಹೇಳಿದ ಕೂಡಲೇ ರೋಮನ್ ಅಧಿಪತಿ ಪೊಂತ್ಯ ಪಿಲಾತನ ಕಾಲದ ಬಾಧೆಗೆ ಹಾರುತ್ತದೆ. ನಡುವಿನ ಬದುಕು, ಸಾಮ್ಯಗಳು (ದೃಷ್ಟಾಂತ ಕಥೆಗಳು), ಬೆಟ್ಟದ ಮೇಲಿನ ಪ್ರಸಂಗ, ಸುಂಕದವರೊಂದಿಗಿನ ಊಟ ಇವೆಲ್ಲ ಒಂದು ಅಲ್ಪವಿರಾಮದೊಳಗೆ ಅಡಗಿಹೋಗಿವೆ. ಪ್ರಮಾಣಕ್ಕೆ ಅದು ದೋಷವಲ್ಲ, ದೀಕ್ಷಾಸ್ನಾನದ ಸಮಯದಲ್ಲಿ ಹೇಳಬೇಕಾದ ಚುಟುಕು ಅರಿಕೆಯಲ್ಲಿ ಎಲ್ಲವನ್ನೂ ತುಂಬಲಾಗದು. ಆದರೆ 30 ವಾರಗಳ ತರಗತಿಗೆ ಆ ನೆಪವಿಲ್ಲ. ಶತ್ರುವನ್ನು ಪ್ರೀತಿಸಿರಿ ಎಂಬ ಮಾತು ನಮ್ಮ ಪುಸ್ತಿಕೆಯಲ್ಲಿ ಒಂದೇ ಒಂದು ಕಡೆ, ಅದೂ ಅಡಿಟಿಪ್ಪಣಿಯಲ್ಲಿ ಬರುತ್ತದೆ.

ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಪಾಠದಲ್ಲಿ ತೂಕವೇ ತಲೆಕೆಳಗಾಗಿತ್ತು. 1529ರ ಅಕ್ಟೋಬರಿನಲ್ಲಿ ಮಾರ್‌ಬುರ್ಗಿನಲ್ಲಿ ಲೂಥರ್ ಮತ್ತು ಸ್ವಿಸ್ ಸುಧಾರಕ ಜ್ವಿಂಗ್ಲಿ ಸೇರಿ 15 ಅಂಶಗಳಲ್ಲಿ 14ಕ್ಕೆ ಒಪ್ಪಿ, ಹದಿನೈದನೆಯದರಲ್ಲಿ, ಕ್ರಿಸ್ತನ ದೇಹವು ರೊಟ್ಟಿಯಲ್ಲಿ ಹೇಗೆ ಇರುತ್ತದೆ ಎಂಬ ಪ್ರಶ್ನೆಯಲ್ಲಿ, ಬೇರೆಯಾದದ್ದನ್ನು ಎರಡು ವಾರ ವಿವರಿಸಿದರು. ವಿವರಣೆ ಚೆನ್ನಾಗಿತ್ತು, ಅಲ್ಲಗಳೆಯುವುದಿಲ್ಲ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯಕ್ಕೆ ಮಾತ್ರ ಕಾಲು ಗಂಟೆ ಉಳಿಯಿತು. ಪೌಲನು ಅಲ್ಲಿ ಗದರಿಸುತ್ತಿರುವುದು ರೊಟ್ಟಿಯ ಸ್ವರೂಪದ ಬಗ್ಗೆ ತಪ್ಪಾಗಿ ಯೋಚಿಸಿದವರನ್ನಲ್ಲ. ಒಬ್ಬನು ಹಸಿದಿರುವಾಗ ಇನ್ನೊಬ್ಬನು ಕುಡಿದು ಮತ್ತನಾಗುತ್ತಾನೆ, ಇಲ್ಲದವರನ್ನು ನಾಚಿಕೆಪಡಿಸುತ್ತೀರಿ, ಒಬ್ಬರಿಗಾಗಿ ಒಬ್ಬರು ಕಾದುಕೊಳ್ಳಿರಿ ಎಂಬುದು ಅವನ ಅಸಮಾಧಾನ. ಪ್ರತಿ ಭೋಜನದ ಮೊದಲು ನಮ್ಮನ್ನು ನಾವೇ ಪರೀಕ್ಷಿಸಿಕೊಳ್ಳಿರಿ ಎಂಬ ವಾಕ್ಯವನ್ನು ಓದಿ ಕಣ್ಣು ಮುಚ್ಚಿ ಒಳಗನ್ನು ತಡಕುತ್ತೇವೆ. ಕಣ್ಣು ತೆರೆದು ಪಕ್ಕದ ಸಾಲನ್ನು ನೋಡಬೇಕಾದ ಪರೀಕ್ಷೆಯೂ ಅದೇ ಅಧ್ಯಾಯದಲ್ಲಿದೆ.

ನೀತಿವಂತರೆಂಬ ನಿರ್ಣಯದ ಪಾಠ, ಅಂದರೆ ದೇವರು ಮನುಷ್ಯನನ್ನು ನೀತಿವಂತನೆಂದು ಎಣಿಸುವುದು ಹೇಗೆ ಎಂಬ ಪಾಠ, ಇಡೀ ತರಗತಿಯಲ್ಲೇ ಸಪ್ಪೆಯಾದದ್ದು. ಹಲಗೆಯ ಮೇಲೆ ಎರಡು ಕಂಬಸಾಲು, ಒಂದರಲ್ಲಿ ನಂಬಿಕೆ, ಇನ್ನೊಂದರಲ್ಲಿ ಕ್ರಿಯೆ, ನಾವು ಈ ಕಡೆ, ಕಥೋಲಿಕರು ಆ ಕಡೆ. ಕಥೋಲಿಕ ಸಭೆಯೂ ಲೂಥರನ್ ಸಭೆಗಳೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗಿನಲ್ಲಿ ಇದೇ ವಿಷಯದ ಮೇಲೆ ಜಂಟಿ ಘೋಷಣೆಗೆ ಸಹಿ ಹಾಕಿದ್ದನ್ನೂ, 2006ರಲ್ಲಿ ಮೆಥೊಡಿಸ್ಟರು ಅದಕ್ಕೆ ಸೇರಿಕೊಂಡದ್ದನ್ನೂ ಹೇಳದೆ ಇಂದು ಆ ಹಲಗೆಯ ಚಿತ್ರ ಬರೆಯುವುದು ನ್ಯಾಯವಲ್ಲ. ಭಿನ್ನತೆಗಳು ಉಳಿದಿವೆ ಎನ್ನುವುದು ಬೇರೆ ಮಾತು. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎನ್ನುವ ಯಾಕೋಬನ ಪತ್ರಿಕೆಯನ್ನಂತೂ, ನಂಬಿಕೆಯನ್ನು ಒತ್ತಿ ಹೇಳುವ ಪೌಲನಿಗೆ ಎದುರಾಗಿ ನಿಲ್ಲಿಸಿ, ಸಮಾಧಾನ ಹೇಳಿ ಕಳುಹಿಸಿಬಿಟ್ಟರು. ಯಾಕೋಬನ ಎರಡನೆಯ ಅಧ್ಯಾಯ ಕುರ್ಚಿಯ ಮಾತಿನಿಂದ ಶುರುವಾಗುತ್ತದೆ: ಬಂಗಾರದ ಉಂಗುರ ಹಾಕಿದವನು ಬಂದರೆ ಇಲ್ಲಿ ಕುಳಿತುಕೊಳ್ಳಿ ಎನ್ನುವಿರಿ, ಕೊಳಕು ಬಟ್ಟೆಯ ಬಡವನಿಗೆ ಅಲ್ಲಿ ನಿಂತುಕೋ ಎನ್ನುವಿರಿ ಎಂದು. ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸುವ ಇಬ್ಬರು ನಮ್ಮ ತರಗತಿಯಲ್ಲೇ ಇದ್ದರು. ಆ ವಚನ ಅವರಿಗೆ ತಲುಪದೆ ಹೋದದ್ದಕ್ಕೆ ಬೇಸರವಿದೆ.

ಹಿಡಿಸದೇ ಹೋದ ಸಂಗತಿ ಇನ್ನೊಂದಿದೆ. ಪವಿತ್ರಾತ್ಮನ ವರಗಳ ಪಾಠ ಒಂದು ದೇಹ, ಅನೇಕ ಅಂಗಗಳು ಎಂಬ ಓದಿನಿಂದ ಚೆನ್ನಾಗಿಯೇ ಆರಂಭವಾಯಿತು. ದುರ್ಬಲವೆಂದು ತೋರುವ ಅಂಗಗಳೇ ಹೆಚ್ಚು ಅಗತ್ಯವಾದವು ಎಂಬ ಮಾತಿನವರೆಗೆ ಬರುವಷ್ಟರಲ್ಲಿ ಒಂದು ಹಾಳೆ ಕೈಗೆ ಬಂತು: ಗಾಯನ ತಂಡ, ಮಕ್ಕಳ ತರಗತಿ, ಧ್ವನಿವರ್ಧಕ, ಕುರ್ಚಿ ಜೋಡಣೆ, ಎದುರಿಗೆ ಹೆಸರು ಬರೆಯುವ ಗೆರೆ. ಸಭೆಗೆ ಕೆಲಸದ ಕೈಗಳು ಬೇಕೆಂಬುದು ನಿಜ, ಕುರ್ಚಿ ಜೋಡಿಸುವುದು ಕೀಳಲ್ಲ. ಆದರೆ ನಡೆದಾಡಲಾಗದ ಒಬ್ಬ ಅಜ್ಜಿ ಆ ಹಾಳೆಯನ್ನು ಎರಡು ಬಾರಿ ತಿರುಗಿಸಿ ನೋಡಿ, ತಮಗೆ ಹೊಂದುವ ಗೆರೆಯೇ ಇಲ್ಲದೆ ಮಡಚಿ ಚೀಲಕ್ಕೆ ಹಾಕಿಕೊಂಡರು. ದುರ್ಬಲ ಅಂಗದ ವಾಕ್ಯ ಓದಿ ಹತ್ತು ನಿಮಿಷವೂ ಆಗಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಈ ತರಗತಿಗೆ ಸೇರಿ ಎಂದೇ ಹೇಳುತ್ತೇನೆ, ಮುಖ್ಯವಾಗಿ 26ನೆಯ ವಾರಕ್ಕಾಗಿ. ಅಂದಿನ ಪಾಠ ಕರ್ತನ ಪ್ರಾರ್ಥನೆಯ ಕ್ಷಮೆಯ ಬೇಡಿಕೆ. ಈ ಪ್ರಾರ್ಥನೆಯಲ್ಲಿ ನಾನು, ನನ್ನ ಎಂಬ ಪದಗಳೇ ಇಲ್ಲ, ಎಲ್ಲವೂ ನಮ್ಮ, ನಮಗೆ. ಮತ್ತಾಯನ ಸುವಾರ್ತೆಯಲ್ಲಿ ಪ್ರಾರ್ಥನೆ ಮುಗಿದ ಕೂಡಲೇ ಯೇಸು ವಿವರಿಸುವುದು ಈ ಒಂದು ಬೇಡಿಕೆಯನ್ನೇ, ಮತ್ತು ಅಲ್ಲಿನ ಗ್ರೀಕ್ ಪದದ ನೇರ ಅರ್ಥ ಸಾಲ. ಸಾಲ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಸಭೆಯೊಂದರ ಲೆಕ್ಕಪತ್ರವನ್ನು ಬಹುಕಾಲ ನೋಡಿಕೊಂಡ ಒಬ್ಬರು ಎದ್ದು ನಿಂತರು. “ಅಯ್ಯನವರೇ, ಕಾಣಿಕೆಯ ಹಣ ಮುಟ್ಟಿದವನನ್ನು ಕ್ಷಮಿಸಿದ್ದೇನೆ. ಅವನ ಮೇಲೆ ಸಿಟ್ಟಿಲ್ಲ. ಆದರೆ ಬೀಗದ ಕೈಯನ್ನು ಮತ್ತೆ ಅವನಿಗೇ ಕೊಡದಿದ್ದರೆ ನಾನು ಕ್ಷಮಿಸಿಲ್ಲ ಎನ್ನುತ್ತಾರೆ. ನಿಜವೇ?” ಎಂದು ಕೇಳಿದರು.

ಸಭಾಪಾಲಕರು ಪುಸ್ತಿಕೆಯನ್ನು ಮುಚ್ಚಿಟ್ಟರು. ಸಾಲವನ್ನು ಬಿಟ್ಟುಕೊಡುವುದು ಒಂದು, ಹೊಸ ಜವಾಬ್ದಾರಿಯನ್ನು ಒಪ್ಪಿಸುವುದು ಇನ್ನೊಂದು ಎಂದರು. ಪಶ್ಚಾತ್ತಾಪಕ್ಕೆ ತಕ್ಕ ಫಲವನ್ನು ಫಲಿಸಿರಿ ಎಂದು ಸ್ನಾನಿಕನಾದ ಯೋಹಾನನು ಹೇಳಿದ್ದನ್ನು ನೆನಪಿಸಿದರು. ಮರದಲ್ಲಿ ಫಲ ಕಾಣಲು ಋತುಗಳು ಬೇಕು, ಆ ಕಾಲವನ್ನು ಅವನಿಗೆ ಕೊಡುವುದೂ ಪ್ರೀತಿಯೇ, ಹಣವಿರುವ ಪೆಟ್ಟಿಗೆಯ ಮುಂದೆ ಅವನನ್ನು ಮತ್ತೆ ಒಂಟಿಯಾಗಿ ನಿಲ್ಲಿಸುವುದು ಪ್ರೀತಿಯಲ್ಲ ಎಂದರು. ಬಳಿಕ ಸ್ವಲ್ಪ ತಡೆದು, ಆದರೆ ಅವನು ಆರಾಧನೆಗೆ ಬಂದಾಗ ನೀವು ಯಾವ ಸಾಲಿನಲ್ಲಿ ಕೂರುತ್ತೀರಿ ಎಂದು ಕೇಳಿದರು. ಪ್ರಶ್ನೆ ಕೇಳಿದವರು ಉತ್ತರ ಕೊಡದೆ ಕುಳಿತುಕೊಂಡರು. ಅಂದು ತರಗತಿ ನಿಗದಿತ ಸಮಯಕ್ಕಿಂತ 40 ನಿಮಿಷ ತಡವಾಗಿ ಮುಗಿಯಿತು, ಯಾರೂ ಗಡಿಯಾರ ನೋಡಲಿಲ್ಲ.

ಪುಸ್ತಿಕೆಯ ಬಗ್ಗೆ ಎರಡು ಮಾತು. ಅಚ್ಚು ಸ್ವಚ್ಛವಾಗಿದೆ, ಅಕ್ಷರ ವಯಸ್ಸಾದವರ ಕಣ್ಣಿಗೂ ಸಾಕಷ್ಟು ದೊಡ್ಡದಿದೆ. ವಚನಗಳ ಉಲ್ಲೇಖವಷ್ಟೇ ಇದ್ದು ಪೂರ್ತಿ ಪಾಠವಿಲ್ಲದ ಕಾರಣ ಬೈಬಲನ್ನು ಜೊತೆಗೆ ಒಯ್ಯಲೇಬೇಕು, ಅದು ಒಳ್ಳೆಯದೇ. ಪಾಠದ ಕೊನೆಯ ಪ್ರಶ್ನೆಗಳಲ್ಲಿ ಬಹುಪಾಲು ಹೌದು ಅಥವಾ ಇಲ್ಲ ಎಂದು ಮುಗಿಸಬಹುದಾದವು, ಅವುಗಳನ್ನು ಬಿಟ್ಟುಬಿಡಬಹುದು. ಹೊಸದಾಗಿ ನಂಬಿಕೆಗೆ ಬಂದವರಿಗೆ ಮೊದಲ ಎಂಟು ವಾರ ಸ್ವಲ್ಪ ಭಾರವೆನಿಸೀತು. ನನ್ನ ಹಾಗೆ ಎಲ್ಲವೂ ಗೊತ್ತು ಎಂದುಕೊಂಡವರಿಗೆ ಅವೇ ಹೆಚ್ಚು ಉಪಯುಕ್ತ. ತರಗತಿಯನ್ನು ತಪ್ಪಿಸಲೇಬೇಕಾಗಿ ಬಂದರೆ ಹಲಗೆಯ ಮೇಲೆ ಎರಡು ಕಂಬಸಾಲು ಬರೆಯುವ ವಾರವನ್ನು ತಪ್ಪಿಸಿ, ಮನೆಯಲ್ಲಿ ಯಾಕೋಬನ ಎರಡನೆಯ ಅಧ್ಯಾಯವನ್ನು ಮೊದಲ ವಚನದಿಂದ ಓದಿಕೊಳ್ಳಿ. 26ನೆಯ ವಾರ ಮಾತ್ರ ಬೇಗ ಬಂದು ಮುಂದಿನ ಸಾಲು ಹಿಡಿಯಿರಿ, ಹಿಂದಿನ ಸಾಲಿಗೆ ಸಭಾಪಾಲಕರ ದನಿ ಸರಿಯಾಗಿ ಕೇಳಿಸುವುದಿಲ್ಲ.